ಜರ್ಮನಿಯಲ್ಲಿ ಹಂಚಿಕೆಯ ಮನೆ ಬಿಡುವಾಗ: ಕೌಟ್ಸಿಯೋನ್ ಮರಳಿ ಪಡೆಯುವ ಬಗೆ

ಜರ್ಮನಿಗೆ ಓದಲು ಅಥವಾ ಕೆಲಸಕ್ಕೆ ಬರುವ ನಮ್ಮವರಲ್ಲಿ ಅನೇಕರು ಮೊದಲ ಒಂದೆರಡು ವರ್ಷ ವೇಗೇ ಎಂದು ಕರೆಯುವ ಹಂಚಿಕೆಯ ಮನೆಯಲ್ಲಿ, ಅಡುಗೆಮನೆ ಮತ್ತು ಬಚ್ಚಲನ್ನು ಇನ್ನಿಬ್ಬರು ಮೂವರೊಡನೆ ಹಂಚಿಕೊಂಡು ಇರುತ್ತಾರೆ. ಅದನ್ನು ಬಿಡುವ ಹೊತ್ತಿಗೆ ಅವರು ಕೇಳುವ ಪ್ರಶ್ನೆ ಒಂದೇ: ಕೌಟ್ಸಿಯೋನ್, ಅಂದರೆ ನಾವು ಊರಿನಲ್ಲಿ ಅಡ್ವಾನ್ಸ್ ಎನ್ನುವ ಹಣ, ಯಾವಾಗ ಕೈಗೆ ಬರುತ್ತದೆ? ಅದಕ್ಕೆ ನಾನು ಮರಳಿ ಕೇಳುವುದೂ ಒಂದೇ: ಆ ಹಣವನ್ನು ಯಾರಿಗೆ ಕೊಟ್ಟಿರಿ, ಕರಾರಿಗೆ ನಿಮ್ಮೊಡನೆ ಸಹಿ ಹಾಕಿದವರು ಯಾರು?

ವೇಗೇಯಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಕರಾರುಗಳಿರುತ್ತವೆ. ಪ್ರತಿ ಕೋಣೆಗೂ ಮನೆಯೊಡೆಯರೇ ಬೇರೆ ಬೇರೆ ಕರಾರು ಮಾಡಿಕೊಟ್ಟಿದ್ದರೆ ವಿಷಯ ಸರಳ. ಒಬ್ಬರು ಮುಖ್ಯ ಬಾಡಿಗೆದಾರರಾಗಿದ್ದು ನೀವು ಅವರ ಕೈಕೆಳಗಿನ ಬಾಡಿಗೆದಾರರಾಗಿದ್ದರೆ, ನಿಮ್ಮ ಹಣಕ್ಕೆ ಹೊಣೆ ಆ ಮುಖ್ಯ ಬಾಡಿಗೆದಾರರೇ ಹೊರತು ಮನೆಯೊಡೆಯರಲ್ಲ. ಎಲ್ಲರೂ ಒಂದೇ ಕರಾರಿಗೆ ಸಹಿ ಹಾಕಿದ್ದರೆ ಒಬ್ಬರೇ ಕೈಬಿಡಿಸಿಕೊಂಡು ಹೊರಡುವಂತಿಲ್ಲ. ಉಳಿದವರ ಮತ್ತು ಮನೆಯೊಡೆಯರ ಒಪ್ಪಿಗೆ ಬೇಕು. ಆಗ ನಿಮ್ಮ ಪಾಲನ್ನು ಹೊಸದಾಗಿ ಬರುವವರಿಂದ ಪಡೆಯುವುದು ರೂಢಿ. ಅದನ್ನು ಎಲ್ಲರ ಸಹಿಯೊಂದಿಗೆ ಬರಹದಲ್ಲಿ ಇಡಬೇಕು.

ನಾನು ಮೊದಲು ಇದ್ದ ಮನೆಯಲ್ಲಿ ಎರಡನೆಯ ಬಗೆಯ ಕರಾರಿತ್ತು. ಆರುನೂರು ಯೂರೋವನ್ನು ನಗದಾಗಿ ಕೊಟ್ಟೆ, ರಸೀದಿ ಕೇಳಲು ಸಂಕೋಚಪಟ್ಟೆ. ನಾನು ಹೊರಡುವಾಗ ಮುಖ್ಯ ಬಾಡಿಗೆದಾರರು ಅರ್ಧದಷ್ಟು ಕೊಟ್ಟು, ಉಳಿದುದನ್ನು ಬ್ಯಾಂಕಿಗೆ ಹಾಕುತ್ತೇನೆಂದರು. ಕೆಲವು ವಾರಗಳಲ್ಲಿ ಅವರೂ ಊರು ಬಿಟ್ಟರು, ಉಳಿದ ಮುನ್ನೂರು ಬರಲೇ ಇಲ್ಲ. ದಯವಿಟ್ಟು ಈ ಹಣವನ್ನು ಬ್ಯಾಂಕಿನ ಮೂಲಕವೇ ಕಳಿಸಿ, ಏನಕ್ಕೆಂದು ಅದರಲ್ಲಿ ಬರೆಯಿರಿ.

ವಾಸದ ಮನೆಗೆ ಕೌಟ್ಸಿಯೋನ್ ಮೂರು ತಿಂಗಳ ಮೂಲ ಬಾಡಿಗೆಯನ್ನು ಮೀರಬಾರದು. ನೀರು, ಶಾಖ ಮೊದಲಾದವುಗಳ ಖರ್ಚು ಈ ಲೆಕ್ಕಕ್ಕೆ ಸೇರದು. ಅದನ್ನು ತಿಂಗಳಿಗೊಂದರಂತೆ ಮೂರು ಕಂತುಗಳಲ್ಲಿ ಕೊಡುವ ಹಕ್ಕು ನಿಮಗಿದೆ. ಮನೆಯೊಡೆಯರು ಅದನ್ನು ತಮ್ಮ ಸ್ವಂತ ಹಣದಿಂದ ಬೇರೆಯಾಗಿ ಬಡ್ಡಿ ಬರುವಂತೆ ಇಡಬೇಕು, ಆ ಬಡ್ಡಿಯೂ ನಿಮ್ಮದೇ. ವಿದ್ಯಾರ್ಥಿ ನಿಲಯಗಳಿಗೆ ಮಾತ್ರ ಬಡ್ಡಿಯ ಕಡ್ಡಾಯವಿಲ್ಲ.

ಮನೆ ಬಿಡುವ ನೋಟಿಸನ್ನು ಇಮೇಲ್ ಅಥವಾ ವಾಟ್ಸಾಪ್ ಮೂಲಕ ಕೊಟ್ಟರೆ ಅದು ಊರ್ಜಿತವಾಗುವುದಿಲ್ಲ. ಕಾಗದದ ಮೇಲೆ ನಿಮ್ಮ ಕೈಬರಹದ ಸಹಿ ಇರಬೇಕು. ಸಾಮಾನ್ಯ ಅವಧಿ ಮೂರು ತಿಂಗಳು. ಏಪ್ರಿಲ್ ತಿಂಗಳ ಮೂರನೆಯ ಕೆಲಸದ ದಿನದೊಳಗೆ ಪತ್ರ ತಲುಪಿದರೆ ಜೂನ್ 30ಕ್ಕೆ ಕರಾರು ಮುಗಿಯುತ್ತದೆ, ಒಂದು ದಿನ ತಡವಾದರೂ ಜುಲೈ ಬಾಡಿಗೆಯನ್ನೂ ತೆರಬೇಕಾಗುತ್ತದೆ. ಮೂವರು ಹೊಸ ಬಾಡಿಗೆದಾರರನ್ನು ತೋರಿಸಿದರೆ ಕೂಡಲೇ ಬಿಡಬಹುದೆಂಬ ಮಾತನ್ನು ನೀವು ಹಲವರಿಂದ ಕೇಳುವಿರಿ. ಅದಕ್ಕೆ ಕಾನೂನಿನ ಆಧಾರವಿಲ್ಲ.

ಬೆಂಗಳೂರಿನಲ್ಲಿ ಕೊನೆಯ ತಿಂಗಳುಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲೇ ಮುರಿದುಕೊಳ್ಳಿ ಎಂದು ಹೇಳುವುದುಂಟು. ಇಲ್ಲಿ ಹಾಗೆ ಮಾಡಬೇಡಿ. ಅದು ಬಾಡಿಗೆ ಬಾಕಿಯೆಂದೇ ಎಣಿಕೆಯಾಗುತ್ತದೆ, ಮುಂದಿನ ಮನೆಗೆ ಬೇಕಾಗುವ ಬಾಕಿಯಿಲ್ಲವೆಂಬ ಪತ್ರವೂ ಸಿಗುವುದಿಲ್ಲ.

ಬೀಗದ ಕೈ ಒಪ್ಪಿಸುವ ದಿನ ಮನೆಯ ಸ್ಥಿತಿಯನ್ನು ಬರೆದು ಇಬ್ಬರೂ ಸಹಿ ಹಾಕುವ ಊಬರ್‌ಗಾಬೆ ಪ್ರೊಟೊಕಾಲ್ ಎಂಬ ಪತ್ರವನ್ನು ಸಾವಧಾನವಾಗಿ ಓದಿ, ಅರ್ಥವಾಗದ್ದಕ್ಕೆ ಸಹಿ ಹಾಕಬೇಡಿ. ಹೊಣೆಯೆಂದು ಅದರಲ್ಲಿ ಒಪ್ಪಿಕೊಂಡದ್ದನ್ನು ಆಮೇಲೆ ಅಲ್ಲಗಳೆಯುವುದು ಕಷ್ಟ. ಮೀಟರ್ ಅಂಕಿಗಳನ್ನೂ ಎಷ್ಟು ಬೀಗದ ಕೈ ಕೊಟ್ಟಿರೆಂಬುದನ್ನೂ ಅದರಲ್ಲಿ ಬರೆಸಿ. ನಮ್ಮ ಅಡುಗೆಯ ಗುರುತು ಎರಡು ಕಡೆ ಉಳಿದಿರುತ್ತದೆ: ಒಲೆಯ ಮೇಲಿನ ಹೊಗೆ ಹೀರುವ ಯಂತ್ರದ ಜಾಲರಿಯಲ್ಲಿ ಒಗ್ಗರಣೆಯ ಎಣ್ಣೆ ಅಂಟಾಗಿ ಕುಳಿತಿರುತ್ತದೆ, ಬಿಳಿಯ ಅಡುಗೆಕಟ್ಟೆಯ ಮೇಲೆ ಅರಿಸಿನದ ಕಲೆ ಇರುತ್ತದೆ. ಜಾಲರಿಯನ್ನು ಬಿಸಿ ಸಾಬೂನು ನೀರಿನಲ್ಲಿ ರಾತ್ರಿಯಿಡೀ ನೆನೆಸಿಟ್ಟರೆ ಬಹುಪಾಲು ಬಿಡುತ್ತದೆ, ಅರಿಸಿನದ ಕಲೆಗೆ ಹೊರಡುವ ದಿನಕ್ಕಿಂತ ಬಹಳ ಮೊದಲೇ ಕೈಹಾಕಬೇಕು. ದಿನಬಳಕೆಯಿಂದಾದ ಸಾಮಾನ್ಯ ಸವೆತಕ್ಕೆ ನೀವು ಹಣ ತೆರಬೇಕಿಲ್ಲ. ಗೋಡೆಗೆ ಬಣ್ಣ ಹೊಡೆಸಬೇಕೆಂದು ಕರಾರಿನಲ್ಲಿದ್ದರೂ, ಮನೆಯನ್ನು ಬಣ್ಣ ಹೊಡೆಸದೆಯೇ, ಅದಕ್ಕೆ ಪ್ರತಿಯಾಗಿ ಏನನ್ನೂ ಕೊಡದೆಯೇ ನಿಮಗೆ ಒಪ್ಪಿಸಿದ್ದರೆ ಆ ಷರತ್ತು ನಿಲ್ಲುವುದಿಲ್ಲವೆಂದು ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2015ರ ಮಾರ್ಚ್‌ನಲ್ಲಿ ತೀರ್ಪು ನೀಡಿದೆ. ಆದ್ದರಿಂದಲೇ ಮನೆ ಸೇರಿದ ದಿನದ ಚಿತ್ರಗಳನ್ನು ಅಳಿಸದೆ ಇಟ್ಟುಕೊಳ್ಳಿ.

ಹಣ ಮರುದಿನವೇ ಬರುವುದಿಲ್ಲ. ಹಾನಿಯ ಲೆಕ್ಕ ನೋಡಲು ಮನೆಯೊಡೆಯರಿಗೆ ಕಾಲಾವಕಾಶವಿದ್ದು, ಮೂರರಿಂದ ಆರು ತಿಂಗಳು ಸಾಮಾನ್ಯ. ನೀರು ಮತ್ತು ಶಾಖದ ವಾರ್ಷಿಕ ಲೆಕ್ಕ ಬಾಕಿಯಿದ್ದರೆ ಅದಕ್ಕೆ ತಕ್ಕಷ್ಟು ಭಾಗವನ್ನು ಮಾತ್ರ ಹಿಡಿದಿಟ್ಟುಕೊಳ್ಳಬಹುದು, ಪೂರ್ತಿಯನ್ನಲ್ಲ. ಆ ಲೆಕ್ಕವನ್ನು ವರ್ಷದ ಅವಧಿ ಮುಗಿದ ಮೇಲೆ ಹನ್ನೆರಡು ತಿಂಗಳೊಳಗೆ ಕೊಡಬೇಕು. ಉತ್ತರವೇ ಬಾರದಿದ್ದರೆ ಗಡುವು ಹಾಕಿ ಪತ್ರ ಬರೆಯಿರಿ, ಬಳಿಕ ಊರಿನ ಬಾಡಿಗೆದಾರರ ಸಂಘದ, ಅಂದರೆ ಮೀಟರ್‌ಫೆರೈನ್‌ನ, ಸದಸ್ಯರಾಗಿ ಸಲಹೆ ಪಡೆಯಿರಿ.

ಭಾರತಕ್ಕೆ ಮರಳುವವರು ಜರ್ಮನಿಯ ಬ್ಯಾಂಕ್ ಖಾತೆಯನ್ನು ಈ ಹಣ ಬರುವವರೆಗೂ ಮುಚ್ಚಬಾರದು. ಹೊರಡುವ ಮುನ್ನ ಮನೆಯೊಡೆಯರಿಗೆ ಆ ಖಾತೆಯ ಸಂಖ್ಯೆಯನ್ನೂ, ಲೆಕ್ಕದ ಪತ್ರ ಕಳಿಸಬೇಕಾದ ಊರಿನ ವಿಳಾಸವನ್ನೂ ಬರೆದುಕೊಡಿ.