ಗೋಡೆಗೆ ಹಬ್ಬಿಸಿದ ಸೇಬು, ಪೇರ್ ಗಿಡಕ್ಕೆ ಕತ್ತರಿ ಯಾವಾಗ?

ಇಂಗ್ಲೆಂಡಿನಲ್ಲಿ ಗೋಡೆಗೆ ತಂತಿ ಕಟ್ಟಿ ಎಸ್ಪಾಲಿಯರ್ (ಕೊಂಬೆಗಳನ್ನು ತಂತಿಯುದ್ದಕ್ಕೂ ಅಡ್ಡಡ್ಡ ಹಬ್ಬಿಸಿದ) ಸೇಬು, ಪೇರ್ ಬೆಳೆಸುತ್ತಿರುವವರು ದಯವಿಟ್ಟು ಜೂನ್‌ನಲ್ಲೇ ಕತ್ತರಿ ಹಿಡಿಯಬೇಡಿ. ಬೇಗ ಸವರಿದರೆ ಗಿಡ ಮತ್ತೆ ಚಿಗುರುತ್ತದೆ, ಆ ಎಳೆಚಿಗುರು ಚಳಿಗೆ ಮುಂಚೆ ಬಲಿಯುವುದಿಲ್ಲ. ನಮ್ಮ ಪೇರ್‌ಗೆ ಒಂದು ವರ್ಷ ಹೀಗೇ ಆಗಿ ತುಂಬಾ ಬೇಸರವಾಯಿತು.

ಕ್ಯಾಲೆಂಡರಿಗಿಂತ ರೆಂಬೆಯನ್ನೇ ಮುಟ್ಟಿ ನೋಡಿ. ಹೊಸ ರೆಂಬೆಯ ಬುಡದ ಮೂರನೇ ಒಂದು ಭಾಗ ಬಳುಕದೆ ಗಟ್ಟಿಯಾಗಿರಬೇಕು. ಪೇರ್‌ಗೆ ಸಾಮಾನ್ಯವಾಗಿ ಜುಲೈ ಕೊನೆ, ಸೇಬಿಗೆ ಆಗಸ್ಟ್ ಮಧ್ಯದ ನಂತರ. ಸ್ಕಾಟ್ಲೆಂಡ್ ಕಡೆ ಇನ್ನೂ ಸ್ವಲ್ಪ ತಡ.

ಅಡ್ಡಕೊಂಬೆಯಿಂದಲೇ ಹೊರಟ, 20 ಸೆಂ.ಮೀ. ಮೀರಿದ ರೆಂಬೆಗೆ ಬುಡದ ಎಲೆಗೊಂಚಲಿನ (ಬುಡದಲ್ಲಿ ಒತ್ತಾಗಿರುವ ಎಲೆಗಳ) ಮೇಲೆ 3 ಎಲೆ ಉಳಿಸಿ ಮಿಕ್ಕಿದ್ದನ್ನು ಕತ್ತರಿಸಿ. ಹಳೆಯ ಕವಲಿನಿಂದ ಬಂದದ್ದಾದರೆ 1 ಎಲೆ ಸಾಕು. ಗಿಡ್ಡ ರೆಂಬೆಗಳ ತುದಿಯಲ್ಲಿ ಹೂಮೊಗ್ಗು ಕಟ್ಟುವುದು ಹೆಚ್ಚು, ಅವನ್ನು ಮುಟ್ಟಬೇಡಿ. ಮತ್ತೆ ಚಿಗುರಿದ್ದನ್ನು ಸೆಪ್ಟೆಂಬರ್‌ನಲ್ಲಿ ತೆಗೆದರಾಯಿತು.