ಟರ್ಕಿಯ ಲಿಸಿಯಾ ಕರಾವಳಿಗೆ ಹೊರಟವರಿಗೆ

ಅಂಟಾಲ್ಯದಿಂದ ಫೆತಿಯೆವರೆಗಿನ ಕರಾವಳಿಯನ್ನು ಎರಡೇ ದಿನದಲ್ಲಿ ಮುಗಿಸಲು ಹೊರಡಬೇಡಿ. ಕಾಶ್ ಊರಿನಲ್ಲಿ ಬಿಡಾರ ಹೂಡಿ, ದೊಲ್ಮುಶ್ ಎಂಬ ಸಣ್ಣ ಬಸ್ಸುಗಳಲ್ಲಿ ಸುತ್ತಾಡಿ. ಒಂದೇ ಜಾಗಕ್ಕೆ ಸಮಯವಿದ್ದರೆ ಪತಾರಾವನ್ನೇ ಆರಿಸಿಕೊಳ್ಳಿ. ಈ ಕರಾವಳಿಯ ಪ್ರಾಚೀನ ನಗರಗಳು ಸೇರಿ ಕಟ್ಟಿಕೊಂಡಿದ್ದ ಲಿಸಿಯಾ ಒಕ್ಕೂಟದ ಸಭಾಭವನವನ್ನು ನೋಡಿ, ಅಲ್ಲಿಂದ ನಡೆದೇ ಸುಮಾರು 18 ಕಿಲೋಮೀಟರ್ ಉದ್ದದ ಮರಳ ದಂಡೆಗೆ ಇಳಿಯಬಹುದು. ನೆರಳು ಕಡಿಮೆ, ನೀರು, ಟೋಪಿ ಜೊತೆಗಿರಲಿ. ಬೇಸಿಗೆಯಲ್ಲಿ ಕಡಲಾಮೆಗಳು ಮೊಟ್ಟೆಯಿಡುವುದರಿಂದ ರಾತ್ರಿ ದಂಡೆಗೆ ಪ್ರವೇಶವಿಲ್ಲ, ದಯವಿಟ್ಟು ಪಾಲಿಸಿ. ಕೆಕೋವಾದಲ್ಲಿ ಮುಳುಗಿದ ಊರಿನ ಕಲ್ಲುಮೆಟ್ಟಿಲುಗಳು ನೀರೊಳಕ್ಕೆ ಇಳಿಯುವುದು ದೋಣಿಯಿಂದಲೇ ಕಾಣುತ್ತದೆ. ಮಿರಾದ ಬಂಡೆಗೋರಿಗಳಿಗೆ ಒಂದು ಗಂಟೆ ಸಾಕು. ಚಿರಾಲಿ ಬಳಿಯ ಯಾನಾರ್‌ತಾಶ್‌ ಬೆಟ್ಟವನ್ನು ಮಾತ್ರ ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹತ್ತಿ: ಬಂಡೆಯ ಬಿರುಕುಗಳಿಂದ ಹೊಮ್ಮುವ ಅನಿಲ ಅಲ್ಲಿ ಸಾವಿರಾರು ವರ್ಷಗಳಿಂದ ಉರಿಯುತ್ತಲೇ ಇದೆ.