ಲ್ಯಾಬಿನಲ್ಲೂ ಮನೆಯಲ್ಲೂ ಓಡುವ ಬಿಲ್ಡ್, ಡಿಬಗ್ ಟಾಸ್ಕ್: ವಿಎಸ್ ಕೋಡ್‌ನಲ್ಲಿ ಒಮ್ಮೆ ಬರೆದಿಡುವ ಬಗೆ

ಕಲಬುರಗಿಯ ಕಾಲೇಜು ಲ್ಯಾಬಿನಲ್ಲಿ ವಿಂಡೋಸ್, ಬೀದರಿನ ಮನೆಯ ಲ್ಯಾಪ್‌ಟಾಪಿನಲ್ಲಿ ಉಬುಂಟು. ಲ್ಯಾಬಿನಲ್ಲಿ ಸರಿಯಾಗಿ ಓಡಿದ ಸಿ ಪ್ರೋಗ್ರಾಮನ್ನು ಶನಿವಾರ ಊರಿಗೆ ಒಯ್ದು ಎಫ್5 ಒತ್ತಿದರೆ ಎರರ್. ಇಂಥ ಹೊತ್ತಿನಲ್ಲಿ ತಪ್ಪು ಬಹಳ ಸಲ ಕೋಡಿನದಲ್ಲ. ಬಿಲ್ಡ್ ಮಾಡುವ, ಅಂದರೆ ಕೋಡನ್ನು ಓಡುವ ಪ್ರೋಗ್ರಾಮಾಗಿಸುವ ವಿವರ ಲ್ಯಾಬಿನ ಯಂತ್ರದಲ್ಲೇ ಉಳಿದಿರುತ್ತದೆ. ಅದನ್ನು ಪ್ರಾಜೆಕ್ಟ್ ಫೋಲ್ಡರಿನೊಳಗೇ ಬರೆದಿಟ್ಟರೆ, ಫೋಲ್ಡರ್ ಎಲ್ಲಿಗೆ ಹೋದರೂ ಅದೂ ಹೋಗುತ್ತದೆ.

ಎರಡೂ ಕಡೆ ಜಿಸಿಸಿ ಎಂಬ ಕಂಪೈಲರ್, ಪ್ರೋಗ್ರಾಮನ್ನು ನಡುನಡುವೆ ನಿಲ್ಲಿಸಿ ತಪ್ಪು ಹುಡುಕುವ (ಡಿಬಗ್ ಮಾಡುವ) ಜಿಡಿಬಿ, ಮತ್ತು ವಿಎಸ್ ಕೋಡ್ ಎಂಬ ಎಡಿಟರಿನ ಸಿ/ಸಿಪ್ಲಸ್‌ಪ್ಲಸ್ ಎಕ್ಸ್‌ಟೆನ್ಷನ್ ಇರಬೇಕು. ವಿಂಡೋಸಿನಲ್ಲಿ ಕಂಪೈಲರಿನ ಬಿನ್ ಫೋಲ್ಡರನ್ನು ಪಾಥ್‌ಗೆ (ವಿಂಡೋಸ್ ಪ್ರೋಗ್ರಾಮುಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿಗೆ) ಸೇರಿಸಿದ ಮೇಲೆ ಎಡಿಟರನ್ನು ಪೂರ್ತಿ ಮುಚ್ಚಿ ತೆರೆಯಿರಿ. ಇಲ್ಲದಿದ್ದರೆ ಹಳೆಯ ಪಾಥ್ ಹಿಡಿದುಕೊಂಡೇ ಕೂತಿರುತ್ತದೆ.

ತೊಗರಿ ಎಂಬ ಫೋಲ್ಡರ್ ಮಾಡಿ, ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ, ನಡುವೆ ಸ್ಪೇಸ್ ಬಿಡದೆ ಬರೆಯಿರಿ. ಕನ್ನಡದಲ್ಲಿ ಹೆಸರಿಡುವ ಆಸೆ ಸಹಜವೇ. ಆದರೆ ವಿಂಡೋಸಿನಲ್ಲಿ ಅಂಥ ದಾರಿಯನ್ನು (ಫೈಲಿರುವ ವಿಳಾಸವನ್ನು) ಜಿಡಿಬಿ ಓದಲಾರದೆ ಎಡವುವುದುಂಟು. ಇನ್ನೊಂದು ಮಾತು: ಫೈಲನ್ನಲ್ಲ, ಫೋಲ್ಡರನ್ನೇ ಓಪನ್ ಮಾಡಿ. ಬರೀ ಫೈಲ್ ತೆರೆದರೆ ಮುಂದಿನ ಯಾವುದೂ ನಡೆಯುವುದಿಲ್ಲ.

ಎಡಿಟರ್ ನಮ್ಮ ಪರವಾಗಿ ಓಡಿಸುವ ಕಮಾಂಡಿಗೆ ಟಾಸ್ಕ್ ಎನ್ನುತ್ತಾರೆ. ಟರ್ಮಿನಲ್ ಮೆನುವಿನಲ್ಲಿ ಕಾನ್ಫಿಗರ್ ಟಾಸ್ಕ್ಸ್ ಆರಿಸಿ, ಟೆಂಪ್ಲೇಟಿನಿಂದ ಫೈಲ್ ಮಾಡುವ ಆಯ್ಕೆಗೆ ಹೋಗಿ, ಅದರ್ಸ್ ಒತ್ತಿ. ಡಾಟ್ ವಿಎಸ್‌ಕೋಡ್ ಎಂಬ ಫೋಲ್ಡರಿನಲ್ಲಿ ಟಾಸ್ಕ್ಸ್ ಡಾಟ್ ಜೇಸನ್ ಹುಟ್ಟುತ್ತದೆ. ಅದರ ವರ್ಷನ್ 2.0.0 ಹಾಗೇ ಇರಲಿ. ಲೇಬಲ್‌ಗೆ ‘ಬಿಲ್ಡ್ ತೊಗರಿ’ ಎಂದು ಹಾಕಿ, ಇದೂ ಇಂಗ್ಲಿಷ್ ಅಕ್ಷರದಲ್ಲೇ. ಟೈಪ್‌ಗೆ ಶೆಲ್ ಬದಲು ಪ್ರೊಸೆಸ್ ಒಳ್ಳೆಯದು: ವಿಂಡೋಸಿನ ಪವರ್‌ಶೆಲ್ ಮತ್ತು ಉಬುಂಟುವಿನ ಬ್ಯಾಷ್ ಉದ್ಧರಣ ಚಿಹ್ನೆಗಳನ್ನು ಬೇರೆ ಬೇರೆ ರೀತಿ ಓದುತ್ತವೆ, ಪ್ರೊಸೆಸ್‌ನಲ್ಲಿ ಆ ತಂಟೆ ಇಲ್ಲ. ಕಮಾಂಡ್ ಜಿಸಿಸಿ. ಆರ್ಗ್ಸ್ ಪಟ್ಟಿಯಲ್ಲಿ ಹೈಫನ್ ಜಿ, ಎಚ್ಚರಿಕೆಗಳನ್ನು ತೋರಿಸುವ ಹೈಫನ್ ವಾಲ್ (-Wall), ಸೋರ್ಸ್ ಫೈಲಿನ ದಾರಿ, ಸಣ್ಣಕ್ಷರದ ಹೈಫನ್ ಓ, ಔಟ್‌ಪುಟ್ ದಾರಿ. ಒಂದೊಂದಕ್ಕೂ ಬೇರೆ ಉದ್ಧರಣ ಚಿಹ್ನೆ ಬೇಕು. ಹೈಫನ್ ಓ ಮತ್ತು ಫೈಲಿನ ಹೆಸರನ್ನು ಒಂದರಲ್ಲೇ ತುರುಕಬೇಡಿ. ಹೈಫನ್ ಜಿ ಬಿಟ್ಟರೆ ಪ್ರೋಗ್ರಾಮು ಓಡುತ್ತದೆ, ಬ್ರೇಕ್‌ಪಾಯಿಂಟಿನಲ್ಲಿ, ಅಂದರೆ ನಿಲ್ಲಲೆಂದು ನಾವು ಗುರುತಿಟ್ಟ ಸಾಲಿನಲ್ಲಿ, ಮಾತ್ರ ನಿಲ್ಲುವುದಿಲ್ಲ.

ದಾರಿಗಳನ್ನು ಸಿ ಡ್ರೈವಿನಿಂದ ಶುರುಮಾಡಿ ಬರೆಯುವುದೇ ಇಲ್ಲಿನ ದೊಡ್ಡ ತಪ್ಪು. ಡಾಲರ್ ಚಿಹ್ನೆ ಹಾಕಿ, ಕರ್ಲಿ ಬ್ರಾಕೆಟ್ಟಿನೊಳಗೆ ವರ್ಕ್‌ಸ್ಪೇಸ್‌ಫೋಲ್ಡರ್ ಎಂದು ಬರೆದು, ಮುಂದಕ್ಕೆ ವಾಲಿದ ಸ್ಲ್ಯಾಷ್ ಕೊಟ್ಟು ಫೈಲಿನ ಹೆಸರು ಬರೆಯಿರಿ. ಈ ಸ್ಲ್ಯಾಷ್ ಎರಡೂ ಕಡೆ ನಡೆಯುತ್ತದೆ. ಔಟ್‌ಪುಟ್ ಹೆಸರಿನ ಕೊನೆಗೆ ಡಾಟ್ ಇಎಕ್ಸ್‌ಇ ಇರಲಿ. ಉಬುಂಟುವಿಗೆ ಅದು ಬೇಡವಾದರೂ ತೊಂದರೆಯೇನಿಲ್ಲ, ಎರಡು ಕಡೆಗೆ ಒಂದೇ ಹೆಸರು ಸಾಕಾಗುತ್ತದೆ.

ಪ್ರಾಬ್ಲಂಮ್ಯಾಚರ್‌ಗೆ ಡಾಲರ್ ಜಿಸಿಸಿ ಕೊಟ್ಟರೆ ಕಂಪೈಲರಿನ ಎರರ್‌ಗಳು ಸಾಲಿನ ಸಂಖ್ಯೆ ಸಮೇತ ಪ್ರಾಬ್ಲಮ್ಸ್ ಪ್ಯಾನೆಲ್ಲಿಗೆ ಬರುತ್ತವೆ. ಗ್ರೂಪ್‌ನಲ್ಲಿ ಕೈಂಡ್ ಬಿಲ್ಡ್, ಈಸ್‌ಡಿಫಾಲ್ಟ್ ಟ್ರೂ ಮಾಡಿ. ಇನ್ನು ಕಂಟ್ರೋಲ್, ಶಿಫ್ಟ್, ಬಿ ಒತ್ತಿದರೆ ಸಾಕು, ಬಿಲ್ಡ್ ಆಗುತ್ತದೆ.

ಇನ್ನು ಡಿಬಗ್‌ಗಾಗಿ ಅದೇ ಡಾಟ್ ವಿಎಸ್‌ಕೋಡ್ ಫೋಲ್ಡರಿನಲ್ಲಿ ಲಾಂಚ್ ಡಾಟ್ ಜೇಸನ್ ಮಾಡಿ. ಅದರ ವರ್ಷನ್ 0.2.0. ಕಾನ್ಫಿಗರೇಷನ್‌ನಲ್ಲಿ ಒಂದು ಹೆಸರು, ಟೈಪ್ ಸಿಪಿಪಿಡಿಬಿಜಿ, ರಿಕ್ವೆಸ್ಟ್ ಲಾಂಚ್, ಎಂಐಮೋಡ್ ಜಿಡಿಬಿ. ಪ್ರೋಗ್ರಾಂ ಎಂಬಲ್ಲಿ ಅದೇ ಔಟ್‌ಪುಟ್ ದಾರಿ, ಸಿಡಬ್ಲ್ಯೂಡಿ ಎಂಬಲ್ಲಿ ವರ್ಕ್‌ಸ್ಪೇಸ್‌ಫೋಲ್ಡರ್. ಜಿಡಿಬಿಯ ದಾರಿ ಬರೆಯದಿದ್ದರೆ ಪಾಥ್‌ನಲ್ಲಿ ತಾನೇ ಹುಡುಕಿಕೊಳ್ಳುತ್ತದೆ, ಬರೆಯದಿರುವುದೇ ವಾಸಿ. ಕೊನೆಗೆ ಪ್ರಿಲಾಂಚ್‌ಟಾಸ್ಕ್, ಇದರಲ್ಲಿ ಎಲ್ ಮತ್ತು ಟಿ ದೊಡ್ಡಕ್ಷರ. ಅದರ ಎದುರಿಗೆ ಟಾಸ್ಕಿನ ಲೇಬಲ್ಲನ್ನು ಅಕ್ಷರಕ್ಕೆ ಅಕ್ಷರ ಕಾಪಿ ಮಾಡಿ. ಒಂದು ಸ್ಪೇಸ್ ತಪ್ಪಿದರೂ ಟಾಸ್ಕ್ ಸಿಗಲಿಲ್ಲ ಎನ್ನುತ್ತದೆ.

ಪರೀಕ್ಷೆಗೆ ನಮ್ಮ ಭಾಗದ ಲೆಕ್ಕವನ್ನೇ ಇಟ್ಟುಕೊಳ್ಳಿ. ತೊಗರಿ 2,250 ಕಿಲೋ, ದರ ಕ್ವಿಂಟಲ್‌ಗೆ 7,000 ರೂಪಾಯಿ ಅಂತಿಟ್ಟುಕೊಳ್ಳೋಣ. ಕಿಲೋ ಪೂರ್ಣಾಂಕವಾಗಿದ್ದು, ಅದನ್ನು 100ರಿಂದ ಭಾಗಿಸಿ ಫ್ಲೋಟ್ ವೇರಿಯೇಬಲ್ಲಿಗೆ ಹಾಕಿದರೆ ಮೊತ್ತ 1,54,000 ಬರುತ್ತದೆ, ಬರಬೇಕಾದದ್ದು 1,57,500. ಹೈಫನ್ ವಾಲ್ ಕೂಡ ಇದಕ್ಕೆ ಎಚ್ಚರಿಕೆ ಕೊಡುವುದಿಲ್ಲ. ಭಾಗಾಕಾರದ ಸಾಲಿನ ಎಡಬದಿ ಕ್ಲಿಕ್ ಮಾಡಿ ಕೆಂಪು ಚುಕ್ಕೆ ಇಟ್ಟು ಎಫ್5 ಒತ್ತಿ, ಎಫ್10ರಿಂದ ಒಂದು ಸಾಲು ದಾಟಿ. ವೇರಿಯೇಬಲ್ಸ್ ಭಾಗದಲ್ಲಿ ಕ್ವಿಂಟಲ್ 22 ಎಂದು ಕಾಣುತ್ತದೆ, ಅರ್ಧ ಕ್ವಿಂಟಲ್ ಅಲ್ಲೇ ಕಳೆದುಹೋಗಿದೆ. 100ನ್ನು 100.0 ಮಾಡಿ ಮತ್ತೆ ಎಫ್5 ಒತ್ತಿ.

ಬಿಲ್ಡ್ ಸೋತಾಗ ಎಡಿಟರ್ ಒಂದು ಪೆಟ್ಟಿಗೆ ತೋರಿಸುತ್ತದೆ. ಅಲ್ಲಿ ಡಿಬಗ್ ಎನಿವೇ ಒತ್ತಬೇಡಿ: ಓಡುವುದು ಹಿಂದಿನ ಹಳೆಯ ಪ್ರೋಗ್ರಾಮು, ನೀವು ತಿದ್ದಿದ್ದು ಅದರಲ್ಲಿರುವುದಿಲ್ಲ. ತಿದ್ದಿದರೂ ಉತ್ತರ ಬದಲಾಗುತ್ತಿಲ್ಲ ಎಂಬ ದೂರಿನ ಮೂಲ ಅನೇಕ ಸಲ ಇದೇ. ವಿಂಡೋಸಿನಲ್ಲಿ ಪರ್ಮಿಷನ್ ಡಿನೈಡ್ ಎಂದು ಬಂದರೆ ಹಿಂದಿನ ಓಟ ಇನ್ನೂ ಮುಗಿದಿಲ್ಲವೇ ನೋಡಿ. ಓಡುತ್ತಿರುವ ಇಎಕ್ಸ್‌ಇ ಮೇಲೆ ಹೊಸದನ್ನು ಬರೆಯಲಾಗದು. ಶಿಫ್ಟ್ ಎಫ್5 ಒತ್ತಿ ನಿಲ್ಲಿಸಿ, ಆಮೇಲೆ ಬಿಲ್ಡ್ ಮಾಡಿ.

ಪೆನ್‌ಡ್ರೈವಿಗೆ ಹಾಕುವಾಗ ಸಿ ಫೈಲನ್ನಷ್ಟೇ ಎತ್ತಿಕೊಳ್ಳಬೇಡಿ, ಇಡೀ ಫೋಲ್ಡರ್ ಒಯ್ಯಿರಿ. ಉಬುಂಟುವಿನಲ್ಲಿ ಡಾಟ್‌ನಿಂದ ಶುರುವಾಗುವ ಫೋಲ್ಡರ್ ಕಣ್ಣಿಗೆ ಬೀಳುವುದಿಲ್ಲ. ಫೈಲ್ಸ್ ಕಿಟಕಿಯಲ್ಲಿ ಕಂಟ್ರೋಲ್ ಎಚ್ ಒತ್ತಿದರೆ ಕಾಣಿಸುತ್ತದೆ.